ಡಾ. ಹ್ಯಾರಿ ಗೋಲ್ಡ್‌ಬ್ಲಾಟ್ (1891-1977): ಅಧಿಕ ರಕ್ತದೊತ್ತಡದ ಮೂಲವನ್ನು ಮೂತ್ರಪಿಂಡದ ರಕ್ತನಾಳದಲ್ಲಿ ತೋರಿಸಿಕೊಟ್ಟ ವಿಜ್ಞಾನಿ

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಚೀಟಿ ಮಾಡಿಸಿ ಸರದಿಯಲ್ಲಿ ನಿಲ್ಲುವವರ ಪೈಕಿ ಅಧಿಕ ರಕ್ತದೊತ್ತಡಕ್ಕೆ, ಅಂದರೆ ಜನರ ಮಾತಿನಲ್ಲಿ ಬಿ.ಪಿ.ಗೆ, ಮಾತ್ರೆ ಪಡೆಯುವವರು ಅನೇಕರಿರುತ್ತಾರೆ. ಇವರಲ್ಲಿ ಬಹುತೇಕರಿಗೆ ರಕ್ತದೊತ್ತಡ ಏರಲು ಇಂಥದ್ದೇ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣವಿರುವುದಿಲ್ಲ. ವಯಸ್ಸು, ವಂಶ, ಉಪ್ಪಿನ ಸೇವನೆ, ದೇಹದ ತೂಕ ಮುಂತಾದ ಹಲವು ಅಂಶಗಳು ಕೂಡಿ ಅದನ್ನು ಉಂಟುಮಾಡುತ್ತವೆ. ಆದರೆ ಕೆಲವರಲ್ಲಿ ಮಾತ್ರ ನಿರ್ದಿಷ್ಟವಾದ ಕಾರಣವೊಂದು ಇರುತ್ತದೆ. ಅಂತಹ ಕಾರಣಗಳಲ್ಲಿ ಮುಖ್ಯವಾದುದು, ಮೂತ್ರಪಿಂಡಕ್ಕೆ ರಕ್ತವನ್ನು ಒಯ್ಯುವ ಅಪಧಮನಿಯು ಕಿರಿದಾಗಿರುವುದು.

ಈ ಸಂಬಂಧವನ್ನು ಪ್ರಯೋಗದ ಮೂಲಕ ಸಂದೇಹಕ್ಕೆಡೆಯಿಲ್ಲದಂತೆ ರುಜುವಾತುಪಡಿಸಿದವರು ಅಮೆರಿಕದ ರೋಗವಿಜ್ಞಾನಿ ಡಾ. ಹ್ಯಾರಿ ಗೋಲ್ಡ್‌ಬ್ಲಾಟ್. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನೂ, ಅವರ ಸಂಶೋಧನೆಯಿಂದ ಇಂದಿನ ರೋಗಿಗಳಿಗೆ ದೊರೆತಿರುವ ಪ್ರಯೋಜನದ ವಿವರವನ್ನೂ, ಆಸ್ಪತ್ರೆ ಸೇವೆ ಮತ್ತು ಆರೋಗ್ಯ ಯೋಜನೆಗಳ ಸೌಲಭ್ಯ ಕೋರಿ ಬರುವ ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಜನನ ಮತ್ತು ವಿದ್ಯಾಭ್ಯಾಸ

ಹ್ಯಾರಿ ಗೋಲ್ಡ್‌ಬ್ಲಾಟ್ ಅವರು 1891ರ ಮಾರ್ಚ್ 14ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅಯೋವಾ ರಾಜ್ಯದ ಮಸ್ಕಟೀನ್ ಎಂಬ ಊರಿನಲ್ಲಿ ಜನಿಸಿದರು. ಅವರ ಉನ್ನತ ವ್ಯಾಸಂಗ ನಡೆದದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯೇ 1916ರಲ್ಲಿ ವೈದ್ಯಕೀಯ ಪದವಿ ಪಡೆದು, ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಹೊಂದಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗದಲ್ಲಿ ಸೇವೆ ಸಲ್ಲಿಸಿದರು.

ಯುದ್ಧಾನಂತರ ಅವರ ಒಲವು ಶಸ್ತ್ರಚಿಕಿತ್ಸೆಯಿಂದ ರೋಗವಿಜ್ಞಾನದತ್ತ ಹರಿಯಿತು. ರೋಗದಿಂದ ಅಂಗಾಂಗಗಳಲ್ಲಿ ಆಗುವ ಬದಲಾವಣೆಗಳನ್ನು ಶವಪರೀಕ್ಷೆಯಿಂದಲೂ ಸೂಕ್ಷ್ಮದರ್ಶಕದಿಂದಲೂ ಅರಿಯುವ ಶಾಸ್ತ್ರವಿದು. 1920ರ ದಶಕದ ಆರಂಭದಲ್ಲಿ ಅವರು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. ಮಕ್ಕಳ ಮೂಳೆಗಳನ್ನು ಮೆತ್ತಗಾಗಿಸಿ ಬಾಗಿಸುವ ರಿಕೆಟ್ಸ್ ರೋಗವನ್ನು ಕುರಿತು ಸಹೋದ್ಯೋಗಿ ಸೋಮ್ಸ್ ಅವರೊಡನೆ 1923ರಲ್ಲಿ ಪ್ರಕಟಿಸಿದ ಕಾರ್ಯವು, ಬೆಳಕಿಗೂ ಡಿ ಜೀವಸತ್ವಕ್ಕೂ ಇರುವ ನಂಟನ್ನು ತಿಳಿಯಲು ನೆರವಾಯಿತು. ಆನಂತರ ಅಮೆರಿಕಕ್ಕೆ ಮರಳಿ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದಲ್ಲಿ ರೋಗವಿಜ್ಞಾನದ ಅಧ್ಯಾಪಕರಾದರು. ಅವರ ಹೆಸರನ್ನು ಉಳಿಸಿದ ಕೆಲಸ ನಡೆದದ್ದು ಇಲ್ಲಿಯೇ.

3. ಅಂದಿನ ತಿಳಿವಳಿಕೆ

ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ನಿರೂಪಿಸಿದರು. ಸ್ಟೆತಾಸ್ಕೋಪಿನಿಂದ ಸದ್ದು ಆಲಿಸಿ ಅಳೆಯುವ ವಿಧಾನವನ್ನು ರಷ್ಯಾದ ಕೊರೊಟ್‌ಕಾಫ್ 1905ರಲ್ಲಿ ತಿಳಿಸಿದರು. ಹೀಗೆ ಅಳತೆ ಸುಲಭವಾಯಿತಾದರೂ ಕಾರಣ ತಿಳಿಯಲಿಲ್ಲ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಅವರು 1836ರಷ್ಟು ಹಿಂದೆಯೇ ಮೂತ್ರಪಿಂಡದ ಕಾಯಿಲೆಯುಳ್ಳವರ ಹೃದಯವು ದಪ್ಪಗಾಗಿರುವುದನ್ನು ಗಮನಿಸಿದ್ದರು. 1898ರಲ್ಲಿ ಸ್ವೀಡನ್ನಿನ ಟೀಗರ್‌ಸ್ಟೆಟ್ ಮತ್ತು ಬೆರಿಮನ್ ಅವರು ಮೊಲದ ಮೂತ್ರಪಿಂಡದ ಸಾರದಲ್ಲಿ ರಕ್ತದೊತ್ತಡ ಏರಿಸುವ ವಸ್ತುವೊಂದಿದೆಯೆಂದು ಕಂಡು, ಅದಕ್ಕೆ ರೆನಿನ್ ಎಂದು ಹೆಸರಿಟ್ಟಿದ್ದರು. ಆದರೆ ಆ ಸಂಶೋಧನೆಯನ್ನು ಮುಂದಿನ ಮೂರು ದಶಕಗಳ ಕಾಲ ಹೆಚ್ಚಿನವರು ಗಣನೆಗೆ ತೆಗೆದುಕೊಳ್ಳಲಿಲ್ಲ.

ಅಧಿಕ ರಕ್ತದೊತ್ತಡವೇ ಮೊದಲು ಬರುತ್ತದೆ, ಮೂತ್ರಪಿಂಡದ ರಕ್ತನಾಳಗಳು ಕೆಡುವುದು ಅದರ ಪರಿಣಾಮ ಎಂಬುದು ಆಗ ಪ್ರಚಲಿತವಾಗಿದ್ದ ಅಭಿಪ್ರಾಯ. ಗೋಲ್ಡ್‌ಬ್ಲಾಟ್ ಅವರಿಗೆ ಶವಪರೀಕ್ಷೆಗಳಲ್ಲಿ ಬೇರೆಯದೇ ಚಿತ್ರ ಕಾಣುತ್ತಿತ್ತು. ಬದುಕಿದ್ದಾಗ ರಕ್ತದೊತ್ತಡ ಹೆಚ್ಚಾಗಿದ್ದ ಹಲವರಲ್ಲಿ ದೇಹದ ಇತರ ರಕ್ತನಾಳಗಳು ಅಷ್ಟಾಗಿ ಕೆಡದಿದ್ದರೂ ಮೂತ್ರಪಿಂಡದ ರಕ್ತನಾಳಗಳು ಗಟ್ಟಿಯಾಗಿ ಕಿರಿದಾಗಿರುತ್ತಿದ್ದವು. ಹಾಗಿದ್ದಲ್ಲಿ ರಕ್ತನಾಳದ ದೋಷವೇ ಮೊದಲು, ಒತ್ತಡದ ಏರಿಕೆ ಅನಂತರ ಎಂದೇಕಾಗಬಾರದು ಎಂಬ ಪ್ರಶ್ನೆ ಅವರಲ್ಲಿ ಮೂಡಿತು. ಸತ್ತವರ ದೇಹದಲ್ಲಿ ಎರಡು ದೋಷಗಳು ಒಟ್ಟಿಗೆ ಕಂಡರೆ ಯಾವುದು ಮೊದಲಿನದೆಂದು ಹೇಳಲಾಗದು. ಅದನ್ನು ಇತ್ಯರ್ಥಪಡಿಸಲು ಜೀವಂತ ಪ್ರಾಣಿಯಲ್ಲಿ ಪ್ರಯೋಗ ಮಾಡದೆ ಬೇರೆ ದಾರಿಯಿರಲಿಲ್ಲ.

4. ಬೆಳ್ಳಿಯ ಕ್ಲಾಂಪ್ ಮತ್ತು 1934ರ ಪ್ರಬಂಧ

ಈ ಉದ್ದೇಶಕ್ಕಾಗಿ ಗೋಲ್ಡ್‌ಬ್ಲಾಟ್ ಅವರು ಬೆಳ್ಳಿಯ ಸಣ್ಣ ಕ್ಲಾಂಪ್ ಒಂದನ್ನು ರೂಪಿಸಿದರು. ಅದನ್ನು ನಾಯಿಯ ಮೂತ್ರಪಿಂಡದ ಅಪಧಮನಿಯ ಸುತ್ತ ಕೂರಿಸಿ ತಿರುಪಿನಿಂದ ಬೇಕಾದಷ್ಟು ಬಿಗಿ ಮಾಡಬಹುದಾಗಿತ್ತು. ರಕ್ತಸಂಚಾರ ಪೂರ್ಣವಾಗಿ ನಿಂತರೆ ಮೂತ್ರಪಿಂಡ ಸಾಯುತ್ತದೆ. ಆದುದರಿಂದ ರಕ್ತವನ್ನು ನಿಲ್ಲಿಸದೆ ಕಡಿಮೆ ಮಾಡುವುದೇ ಈ ಸಾಧನದ ವಿಶೇಷವಾಗಿತ್ತು. ಮನುಷ್ಯನ ರಕ್ತನಾಳವು ವರ್ಷಗಟ್ಟಲೆ ಕಾಲದಲ್ಲಿ ಕಿರಿದಾಗುವ ಬಗೆಯನ್ನು ಅವರು ಹೀಗೆ ಪ್ರಯೋಗಾಲಯದಲ್ಲಿ ಅನುಕರಿಸಿದರು.

ಫಲಿತಾಂಶಗಳು ಕೆಳಕಂಡಂತಿದ್ದವು:

- ಒಂದೇ ಕಡೆಯ ಅಪಧಮನಿಯನ್ನು ಬಿಗಿ ಮಾಡಿದಾಗ ರಕ್ತದೊತ್ತಡ ಏರಿ, ಕೆಲಕಾಲದ ನಂತರ ಸಾಮಾನ್ಯವಾಗಿ ಇಳಿಯುತ್ತಿತ್ತು.
- ಎರಡೂ ಕಡೆಯ ಅಪಧಮನಿಗಳನ್ನು ಬಿಗಿ ಮಾಡಿದಾಗ ಏರಿದ ಒತ್ತಡವು ಇಳಿಯದೆ ಉಳಿಯುತ್ತಿತ್ತು.
- ತೊಡೆಯ ಅಥವಾ ಗುಲ್ಮದ ಅಪಧಮನಿಯನ್ನು ಬಿಗಿ ಮಾಡಿದರೆ ಒತ್ತಡ ಹಾಗೆ ಏರುತ್ತಿರಲಿಲ್ಲ. ಅಂದರೆ ದೋಷವಿರುವುದು ಮೂತ್ರಪಿಂಡದ ರಕ್ತಸಂಚಾರದಲ್ಲಿಯೇ ಎಂಬುದು ಸ್ಪಷ್ಟವಾಯಿತು.

ಲಿಂಚ್, ಹ್ಯಾಂಜಲ್ ಮತ್ತು ಸಮ್ಮರ್‌ವಿಲ್ ಎಂಬ ಸಹೋದ್ಯೋಗಿಗಳೊಡನೆ ಅವರು ಈ ಫಲಿತಾಂಶಗಳನ್ನು 1934ರಲ್ಲಿ ಪ್ರಕಟಿಸಿದರು. ಮುಂದಿನ ಪ್ರಯೋಗಗಳಲ್ಲಿ ಬಿಗಿ ಸಡಿಲಿಸಿದರೆ ಅಥವಾ ರಕ್ತ ಸಾಲದ ಮೂತ್ರಪಿಂಡವನ್ನು ತೆಗೆದುಹಾಕಿದರೆ ಒತ್ತಡ ಇಳಿಯುವುದೂ, ನರಗಳನ್ನು ಕತ್ತರಿಸಿದರೂ ಏರಿಕೆ ತಪ್ಪದಿರುವುದೂ ಕಂಡುಬಂದಿತು. ಆದುದರಿಂದ ಸಂದೇಶವನ್ನು ಒಯ್ಯುತ್ತಿರುವುದು ನರವಲ್ಲ, ರಕ್ತದಲ್ಲಿ ಬೆರೆಯುವ ಯಾವುದೋ ರಾಸಾಯನಿಕ ವಸ್ತು ಎಂಬ ತೀರ್ಮಾನಕ್ಕೆ ದಾರಿಯಾಯಿತು.

ಆ ವಸ್ತುವಿನ ವಿವರವನ್ನು 1939-40ರ ವೇಳೆಗೆ ಅರ್ಜೆಂಟೀನಾದ ಬ್ರಾನ್-ಮೆನೆಂಡೆಸ್ ಅವರ ತಂಡವೂ ಅಮೆರಿಕದ ಅರ್ವಿನ್ ಪೇಜ್ ಅವರ ತಂಡವೂ ಪ್ರತ್ಯೇಕವಾಗಿ ಕಂಡುಕೊಂಡವು. ರಕ್ತ ಸಾಲದಿದ್ದಾಗ ಮೂತ್ರಪಿಂಡವು ಇಡೀ ದೇಹದಲ್ಲಿಯೇ ರಕ್ತ ಕಡಿಮೆಯಾಗಿದೆಯೆಂದು ಭಾವಿಸಿ ರೆನಿನ್ ಸ್ರವಿಸುತ್ತದೆ. ರೆನಿನ್‌ನಿಂದ ಆಂಜಿಯೋಟೆನ್ಸಿನ್ ಉಂಟಾಗಿ ರಕ್ತನಾಳಗಳನ್ನು ಸಂಕುಚಿಸುತ್ತದೆ. ಉಪ್ಪು ಮತ್ತು ನೀರು ದೇಹದಲ್ಲಿಯೇ ಉಳಿಯುವಂತೆ ಮಾಡುತ್ತದೆ. ಕಾಲುವೆಯ ತೂಬಿಗೆ ಕಸ ಕಟ್ಟಿಕೊಂಡು ಕೊನೆಯ ಗದ್ದೆಗೆ ನೀರು ಬಾರದಿದ್ದಾಗ, ತೂಬನ್ನು ನೋಡದೆ ಕೆರೆಯಲ್ಲಿಯೇ ನೀರಿಲ್ಲವೆಂದು ತಿಳಿದು ಕೆರೆಯ ಮಟ್ಟವನ್ನು ಏರಿಸುತ್ತ ಹೋದಂತೆ ಇದು.

5. ಸಂಶೋಧನೆಯ ಬೆನ್ನಿಗೆ ನಡೆದ ಅತಿರೇಕ

ಗೋಲ್ಡ್‌ಬ್ಲಾಟ್ ಅವರ ಪ್ರಬಂಧ ಪ್ರಕಟವಾದಾಗ ಅಧಿಕ ರಕ್ತದೊತ್ತಡಕ್ಕೆ ಪರಿಣಾಮಕಾರಿಯಾದ ಔಷಧಿಗಳು ಇರಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರೇ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ನಿಧನರಾದಾಗ ಅವರ ರಕ್ತದೊತ್ತಡದ ಮೇಲಿನ ಅಂಕಿ 300 ಮುಟ್ಟಿತ್ತು. ಇಂತಹ ಕಾಲದಲ್ಲಿ, ಒಂದು ಮೂತ್ರಪಿಂಡವನ್ನು ತೆಗೆದರೆ ರೋಗ ಗುಣವಾಗಬಹುದೆಂಬ ಸುದ್ದಿ ವೈದ್ಯರಿಗೂ ರೋಗಿಗಳಿಗೂ ದೊಡ್ಡ ಆಸೆಯಾಗಿ ಕಂಡದ್ದು ಸಹಜವೇ. 1938ರಲ್ಲಿ ಲೆಡ್‌ಬೆಟರ್ ಮತ್ತು ಬರ್ಕ್‌ಲ್ಯಾಂಡ್ ಎಂಬ ವೈದ್ಯರು ಚಿಕ್ಕ ಬಾಲಕನೊಬ್ಬನ ದೋಷಯುಕ್ತ ಮೂತ್ರಪಿಂಡವನ್ನು ತೆಗೆದು, ಅವನ ರಕ್ತದೊತ್ತಡ ಸಹಜ ಸ್ಥಿತಿಗೆ ಬಂದುದನ್ನು ವರದಿ ಮಾಡಿದರು. ಆ ಮೂತ್ರಪಿಂಡದ ಅಪಧಮನಿಯಲ್ಲಿ ಅಡಚಣೆ ಇದ್ದುದು ಪರೀಕ್ಷೆಯಿಂದ ದೃಢಪಟ್ಟಿತ್ತು.

ಇದನ್ನು ನೋಡಿ ಅನೇಕ ಕಡೆ ಶಸ್ತ್ರಚಿಕಿತ್ಸೆಗಳು ನಡೆದವು. ಆದರೆ ಅಪಧಮನಿಯಲ್ಲಿ ದೋಷವಿದೆಯೇ, ಆ ದೋಷವೇ ರಕ್ತದೊತ್ತಡಕ್ಕೆ ಕಾರಣವೇ ಎಂಬುದನ್ನು ಖಚಿತಪಡಿಸಿಕೊಳ್ಳದೆ, ಒಂದು ಮೂತ್ರಪಿಂಡ ಚಿಕ್ಕದಾಗಿದೆ ಎಂಬಷ್ಟಕ್ಕೇ ಅದನ್ನು ತೆಗೆದ ಪ್ರಕರಣಗಳೂ ಇದ್ದವು. ಹೋಮರ್ ಸ್ಮಿತ್ ಎಂಬ ಶರೀರಕ್ರಿಯಾ ವಿಜ್ಞಾನಿಯು 1956ರಲ್ಲಿ ಇಂತಹ 575 ಪ್ರಕರಣಗಳನ್ನು ಪರಿಶೀಲಿಸಿದಾಗ, ಸುಮಾರು ಕಾಲು ಭಾಗದಷ್ಟು ರೋಗಿಗಳಲ್ಲಿ ಮಾತ್ರ ರಕ್ತದೊತ್ತಡ ಸಹಜ ಸ್ಥಿತಿಗೆ ಬಂದಿತ್ತು. ಉಳಿದ ಮುಕ್ಕಾಲು ಪಾಲು ಜನ ಒಂದು ಅಂಗವನ್ನು ಕಳೆದುಕೊಂಡೂ ಬಯಸಿದ ಫಲ ಪಡೆಯಲಿಲ್ಲ.

ಈ ಅಂಕಿಅಂಶವನ್ನು ಇಲ್ಲಿ ವಿಶೇಷವಾಗಿ ನಮೂದಿಸಲು ಕಾರಣವಿದೆ. ಮೂತ್ರಪಿಂಡದ ರಕ್ತನಾಳ ಕಿರಿದಾಗಿರುವುದು ಬೇರೆ, ಅದರಿಂದಲೇ ರಕ್ತದೊತ್ತಡ ಏರಿದೆಯೆಂಬುದು ಬೇರೆ. ಎರಡೂ ಒಂದೇ ರೋಗಿಯಲ್ಲಿ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಜಮೆ ಮತ್ತು ಖರ್ಚು ಒಂದೇ ಪುಟದಲ್ಲಿ ಬರೆದಿದ್ದರೂ ತಾಳೆ ನೋಡದೆ ಲೆಕ್ಕ ಸರಿಯಿದೆಯೆಂದು ಯಾರೂ ಒಪ್ಪುವುದಿಲ್ಲ. ರೋಗನಿದಾನವೂ ಅಂತಹುದೇ.

6. ಉತ್ತರ ಜೀವನ ಮತ್ತು ನಿಧನ

1946ರಲ್ಲಿ ಗೋಲ್ಡ್‌ಬ್ಲಾಟ್ ಅವರು ಲಾಸ್ ಏಂಜಲೀಸ್ ನಗರದ ಸೀಡರ್ಸ್ ಆಫ್ ಲೆಬನಾನ್ ಆಸ್ಪತ್ರೆಯ ಸಂಶೋಧನಾ ಸಂಸ್ಥೆಗೆ ತೆರಳಿದರು. 1950ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮರಳಿ ಮೌಂಟ್ ಸೈನಾಯ್ ಆಸ್ಪತ್ರೆಯ ಸಂಶೋಧನಾಲಯದ ಮುಖ್ಯಸ್ಥರಾದರು. ರೆನಿನ್ ಅನ್ನು ಶುದ್ಧೀಕರಿಸುವುದು, ಅದರ ವಿರುದ್ಧ ದೇಹದಲ್ಲಿ ಪ್ರತಿಕಾಯ ಉಂಟುಮಾಡಿ ರಕ್ತದೊತ್ತಡವನ್ನು ಇಳಿಸುವುದು ಅವರ ಉತ್ತರ ಜೀವನದ ಮುಖ್ಯ ಕಾರ್ಯವಾಗಿತ್ತು. ಇಳಿವಯಸ್ಸಿನಲ್ಲಿಯೂ ಅವರು ಪ್ರಯೋಗಾಲಯವನ್ನು ಬಿಡಲಿಲ್ಲ. ಅಧಿಕ ರಕ್ತದೊತ್ತಡದ ಬಹುಪಾಲು ಪ್ರಕರಣಗಳಿಗೆ ಮೂತ್ರಪಿಂಡದ ರಕ್ತನಾಳಗಳೇ ಮೂಲವಿರಬೇಕೆಂಬ ಅವರ ಎಣಿಕೆಯನ್ನು ಮುಂದಿನ ಅಧ್ಯಯನಗಳು ಪೂರ್ಣವಾಗಿ ಎತ್ತಿಹಿಡಿಯಲಿಲ್ಲ. ಆದರೆ ಅವರು ತೋರಿಸಿಕೊಟ್ಟ ಕಾರ್ಯವಿಧಾನ ಮಾತ್ರ ಸ್ಥಿರವಾಗಿ ನಿಂತಿತು.

1977ರ ಜನವರಿ 6ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಮರುವರ್ಷವೇ, ಅಂದರೆ 1978ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರ ತಂಡವು ಕಿರಿದಾದ ಮೂತ್ರಪಿಂಡದ ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದ ವರದಿ ಪ್ರಕಟವಾಯಿತು. ಆಂಜಿಯೋಟೆನ್ಸಿನ್ ಉತ್ಪತ್ತಿಯನ್ನು ತಡೆಯುವ ಮೊದಲ ಮಾತ್ರೆಯಾದ ಕ್ಯಾಪ್ಟೊಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎನಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದ ಮಾತ್ರೆಗಳು, ಆ ಬೆಳ್ಳಿಯ ಕ್ಲಾಂಪಿನಿಂದ ಬೆಳಕಿಗೆ ಬಂದ ಮಾರ್ಗವನ್ನೇ ತಡೆದು ಕೆಲಸ ಮಾಡುತ್ತವೆ.

7. ಇಂದಿನ ರೋಗನಿದಾನ ಕ್ರಮ

ಮೂತ್ರಪಿಂಡದ ಅಪಧಮನಿ ಕಿರಿದಾಗಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು, ವಯಸ್ಸಾದವರಲ್ಲಿ, ವಿಶೇಷವಾಗಿ ಧೂಮಪಾನಿಗಳು ಮತ್ತು ಮಧುಮೇಹಿಗಳಲ್ಲಿ, ರಕ್ತನಾಳದ ಒಳಗೋಡೆಗೆ ಕೊಬ್ಬು ಕಟ್ಟುವುದು. ಎರಡನೆಯದು, ಹೆಚ್ಚಾಗಿ ಮಹಿಳೆಯರಲ್ಲಿ ಕಂಡುಬರುವ, ರಕ್ತನಾಳದ ಗೋಡೆಯ ರಚನೆಯ ದೋಷ. ಮೂರನೆಯದು ಟಕಾಯಾಸು ಕಾಯಿಲೆ. 1908ರಲ್ಲಿ ಜಪಾನಿನ ನೇತ್ರವೈದ್ಯ ಮಿಕಿಟೊ ಟಕಾಯಾಸು ಅವರು ಮೊದಲು ವಿವರಿಸಿದ, ದೊಡ್ಡ ರಕ್ತನಾಳಗಳ ಉರಿಯೂತವಿದು. ಭಾರತದಲ್ಲಿ ಮಕ್ಕಳು ಮತ್ತು ಯುವಜನರ ಮೂತ್ರಪಿಂಡದ ಅಪಧಮನಿ ಕಿರಿದಾಗಲು ಇದು ಪ್ರಮುಖ ಕಾರಣವಾಗಿದೆ.

ರಕ್ತದೊತ್ತಡವಿರುವ ಎಲ್ಲರಿಗೂ ಈ ಕಾಯಿಲೆಯ ತಪಾಸಣೆ ಅಗತ್ಯವಿಲ್ಲ. ಕೆಳಕಂಡ ಲಕ್ಷಣಗಳಿದ್ದಲ್ಲಿ ವೈದ್ಯರು ಇದನ್ನು ಶಂಕಿಸುತ್ತಾರೆ:

1) 30 ವರ್ಷಕ್ಕೆ ಮುನ್ನವೇ ಅಧಿಕ ರಕ್ತದೊತ್ತಡ ಕಾಣಿಸಿಕೊಳ್ಳುವುದು, ಅಥವಾ 55 ವರ್ಷದ ನಂತರ ಒಮ್ಮೆಲೇ ತೀವ್ರವಾಗಿ ಕಾಣಿಸಿಕೊಳ್ಳುವುದು.
2) ಮೂತ್ರವರ್ಧಕವೂ ಸೇರಿದಂತೆ ಮೂರು ಬಗೆಯ ಮಾತ್ರೆಗಳನ್ನು ಕ್ರಮವಾಗಿ ಸೇವಿಸಿದರೂ ಒತ್ತಡ ಹತೋಟಿಗೆ ಬಾರದಿರುವುದು.
3) ವರ್ಷಗಳಿಂದ ಹತೋಟಿಯಲ್ಲಿದ್ದ ಒತ್ತಡವು ಹಠಾತ್ತನೆ ಏರುವುದು.
4) ಮೇಲೆ ಹೇಳಿದ ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ವರ್ಗದ ಮಾತ್ರೆ ಆರಂಭಿಸಿದ ನಂತರ ರಕ್ತದಲ್ಲಿನ ಕ್ರಿಯೇಟಿನಿನ್ ಪ್ರಮಾಣ ಶೇ. 30ಕ್ಕಿಂತ ಹೆಚ್ಚು ಏರುವುದು.
5) ಎರಡು ಮೂತ್ರಪಿಂಡಗಳ ಉದ್ದದಲ್ಲಿ 1.5 ಸೆಂ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವಿರುವುದು.
6) ಎರಡು ತೋಳುಗಳ ರಕ್ತದೊತ್ತಡದಲ್ಲಿ ಗಣನೀಯ ವ್ಯತ್ಯಾಸವಿರುವುದು ಅಥವಾ ಒಂದು ಕೈಯ ನಾಡಿ ಕ್ಷೀಣವಾಗಿರುವುದು.
7) ಹೃದಯದಲ್ಲಿ ಹೇಳಿಕೊಳ್ಳುವಂತಹ ದೋಷವಿಲ್ಲದಿದ್ದರೂ ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದು.

ತಪಾಸಣೆಯು ಸುಲಭವಾದುದರಿಂದ ಆರಂಭವಾಗುತ್ತದೆ. ಎರಡೂ ತೋಳುಗಳಲ್ಲಿ ರಕ್ತದೊತ್ತಡದ ಅಳತೆ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ರಕ್ತದ ಹರಿವಿನ ಸದ್ದಿದೆಯೇ ಎಂಬ ಪರೀಕ್ಷೆ, ಮೂತ್ರ ಪರೀಕ್ಷೆ, ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ, ಅಲ್ಟ್ರಾಸೌಂಡ್ ಸ್ಕ್ಯಾನ್ ಇವು ಮೊದಲ ಹಂತ. ರಕ್ತನಾಳದಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುವ ಡಾಪ್ಲರ್ ಸ್ಕ್ಯಾನ್ ಎರಡನೆಯ ಹಂತ. ಅನಂತರ ಅಗತ್ಯವಿದ್ದವರಿಗೆ ಮಾತ್ರ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಂ ಮಾಡಲಾಗುತ್ತದೆ. ಈ ಪರೀಕ್ಷೆಗಳಲ್ಲಿ ಚುಚ್ಚುವ ಔಷಧಿಯು ಮೂತ್ರಪಿಂಡ ಈಗಾಗಲೇ ದುರ್ಬಲವಾಗಿರುವವರಿಗೆ ತೊಂದರೆ ಉಂಟುಮಾಡಬಹುದು. ಆದುದರಿಂದ ಹಳೆಯ ಕ್ರಿಯೇಟಿನಿನ್ ವರದಿ, ಮಧುಮೇಹದ ಮಾತ್ರೆಗಳ ವಿವರ, ಗರ್ಭಿಣಿಯಾಗಿದ್ದಲ್ಲಿ ಆ ವಿಷಯ, ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದಲ್ಲಿ ಅದರ ಮಾಹಿತಿ ಇವುಗಳನ್ನು ಮುಂಚಿತವಾಗಿ ತಿಳಿಸತಕ್ಕದ್ದು.

ಅಪಧಮನಿ ಕಿರಿದಾಗಿದೆಯೆಂದು ಕಂಡಾಕ್ಷಣ ಸ್ಟೆಂಟ್ ಹಾಕಬೇಕೆಂದಿಲ್ಲ. ಕೊಬ್ಬು ಕಟ್ಟಿ ಕಿರಿದಾದ ಪ್ರಕರಣಗಳಲ್ಲಿ ಬಹುಪಾಲು ರೋಗಿಗಳಿಗೆ ಔಷಧಿಯ ಜೊತೆಗೆ ಸ್ಟೆಂಟ್ ಹಾಕುವುದರಿಂದ ಔಷಧಿಯೊಂದರಿಂದಲೇ ಆಗುವುದಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲವೆಂದು 2009 ಮತ್ತು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿವೆ. ಗೋಡೆಯ ರಚನಾ ದೋಷವಿರುವ ಯುವತಿಯರಿಗೆ ಬಲೂನ್ ಚಿಕಿತ್ಸೆಯಿಂದ ಒಳ್ಳೆಯ ಫಲ ದೊರೆಯಬಹುದು. ಟಕಾಯಾಸು ಕಾಯಿಲೆಯಲ್ಲಿ ಸಾಧ್ಯವಾದಷ್ಟೂ ಮೊದಲು ಉರಿಯೂತವನ್ನು ಶಮನಗೊಳಿಸಬೇಕಾಗುತ್ತದೆ. ಯಾರಿಗೆ ಯಾವುದು ಎಂಬುದು ತಜ್ಞರ ತೀರ್ಮಾನ.

8. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ನಾಗರಿಕರ ಗಮನಕ್ಕೆ

ರಕ್ತದೊತ್ತಡ ಅಳೆಸುವ ಮುನ್ನ ಅರ್ಧ ಗಂಟೆ ಕಾಫಿ, ಟೀ, ಬೀಡಿ ಮತ್ತು ಹೊಗೆಸೊಪ್ಪಿನಿಂದ ದೂರವಿದ್ದು, ಐದು ನಿಮಿಷ ಬೆನ್ನು ಆನಿಸಿ ಕುಳಿತು ವಿಶ್ರಮಿಸುವುದು. ಹಲವು ಬಾರಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ಅದನ್ನು ಸಾಮಾನ್ಯವಾಗಿ ಅಧಿಕ ರಕ್ತದೊತ್ತಡವೆಂದು ಪರಿಗಣಿಸಲಾಗುತ್ತದೆ. ಹೊಲಗದ್ದೆಯ ದುಡಿಮೆಯಿಂದಾದ ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ರೂಢಿಯುಳ್ಳವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಅಂತಹ ಹಲವು ಮಾತ್ರೆಗಳು ರಕ್ತದೊತ್ತಡವನ್ನು ಏರಿಸುವುದಲ್ಲದೆ ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ.

ಇಪ್ಪತ್ತು-ಇಪ್ಪತ್ತೈದರ ಹರೆಯದ ಹುಡುಗ ಹುಡುಗಿಯರಲ್ಲಿ ರಕ್ತದೊತ್ತಡ ಹೆಚ್ಚಾಗಿ ಕಂಡರೆ, ಮನಸ್ಸಿಗೆ ಹಚ್ಚಿಕೊಂಡಿದ್ದರಿಂದ ಹೀಗಾಗಿದೆಯೆಂದು ಮನೆಯವರು ಸಮಾಧಾನಪಟ್ಟುಕೊಂಡು ಸುಮ್ಮನಾಗುವುದುಂಟು. ಹಾಗೆ ಸುಮ್ಮನಿರುವುದು ತರವಲ್ಲ. ಕಾರಣವಿದ್ದು ಅದು ಪತ್ತೆಯಾಗದೆ ಉಳಿದರೆ, ವರ್ಷಗಳು ಕಳೆದಂತೆ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಹಂತ ತಲುಪಬಹುದು. ದುಡಿಯುವ ವಯಸ್ಸಿನ ಒಬ್ಬರು ವಾರಕ್ಕೆ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಕಳೆಯುವಂತಾದರೆ ಇಡೀ ಸಂಸಾರದ ಬದುಕೇ ಏರುಪೇರಾಗುತ್ತದೆ.

ಮೊದಲ ತಪಾಸಣೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಅಲ್ಲಿಂದ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗೆ ಅಥವಾ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಗೆ, ಹೆಚ್ಚಿನ ಅಗತ್ಯವಿದ್ದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಅಥವಾ ಬೆಂಗಳೂರಿನ ನೆಫ್ರೋ-ಯೂರಾಲಜಿ ಸಂಸ್ಥೆಗೆ ವೈದ್ಯರು ಶಿಫಾರಸು ಮಾಡುತ್ತಾರೆ. ಎರಡೂ ಪಟ್ಟಣಗಳಿಂದ ಮೈಸೂರು ಸುಮಾರು 60 ಕಿ.ಮೀ. ದೂರವಿದ್ದು, ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ವ್ಯರ್ಥವಾಗದಂತೆ, ಬೇಕಾದ ಪರೀಕ್ಷೆ ಯಾವ ದಿನ ಲಭ್ಯವೆಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಸೂಕ್ತ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಸೌಲಭ್ಯ ಕೋರುವವರು ಕೆಳಕಂಡ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು:

ಅ) ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ
ಆ) ಯೋಜನೆಯ ಆರೋಗ್ಯ ಕಾರ್ಡ್, ಈಗಾಗಲೇ ಪಡೆದಿದ್ದಲ್ಲಿ
ಇ) ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ
ಈ) ಈವರೆಗಿನ ಎಲ್ಲ ಪರೀಕ್ಷಾ ವರದಿಗಳು ಮತ್ತು ಸೇವಿಸುತ್ತಿರುವ ಮಾತ್ರೆಗಳ ಚೀಟಿ
ಉ) ರಕ್ತದೊತ್ತಡವನ್ನು ದಿನಾಂಕ ಸಹಿತ ಬರೆದಿಟ್ಟ ಪುಸ್ತಕ

ಕೊನೆಯ ದಾಖಲೆಯನ್ನು ಯಾವ ಕಚೇರಿಯೂ ಕಡ್ಡಾಯವಾಗಿ ಕೇಳುವುದಿಲ್ಲ. ಆದರೆ ಒತ್ತಡ ಎಂದಿನಿಂದ ಏರಿತು, ಯಾವ ಮಾತ್ರೆಗೆ ಎಷ್ಟು ಇಳಿಯಿತು ಎಂಬುದು ಅದರಲ್ಲಿ ಮಾತ್ರ ಸಿಗುತ್ತದೆ. ಕೊಡಗು, ವಯನಾಡು ಕಡೆಗಳಿಗೆ ಕೆಲಸಕ್ಕೆ ಹೋಗುವವರು ಆ ಪುಸ್ತಕವನ್ನು ಜೊತೆಯಲ್ಲಿಯೇ ಒಯ್ಯುವುದು ಒಳ್ಳೆಯದು. ಹೆಚ್ಚಿನ ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು. ತೀವ್ರ ತಲೆನೋವು, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಅಥವಾ ಕೈಕಾಲು ಸ್ವಾಧೀನ ತಪ್ಪುವುದು ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು.

ವೈದ್ಯರ ಸಲಹೆಯಿಲ್ಲದೆ ಯಾರೂ ಮಾತ್ರೆಗಳನ್ನು ನಿಲ್ಲಿಸಬಾರದು, ಬದಲಾಯಿಸಬಾರದು. ಗೋಲ್ಡ್‌ಬ್ಲಾಟ್ ಅವರು ಊಹೆಯನ್ನು ನಂಬದೆ ಪರೀಕ್ಷಿಸಿ ನೋಡಿದ್ದರಿಂದ ಒಂದು ಕಾರಣ ತಿಳಿಯಿತು. ಪರೀಕ್ಷಿಸದೆ ಊಹೆಯನ್ನೇ ನಂಬಿದ ಕಡೆ ಮೂತ್ರಪಿಂಡಗಳು ವೃಥಾ ಹೋದವು. ಶಂಕೆಗೆ ಆಸ್ಪದವಿದ್ದಲ್ಲಿ ತಪಾಸಣೆ ಮಾಡಿಸಿಕೊಳ್ಳುವಂತೆಯೂ, ಇಲ್ಲದಿದ್ದಲ್ಲಿ ಅನಗತ್ಯ ಸ್ಕ್ಯಾನ್‌ಗಳಿಗೆ ಹಣ ವ್ಯಯಿಸದಂತೆಯೂ ಸಾರ್ವಜನಿಕರಲ್ಲಿ ಕೋರಲಾಗಿದೆ.